ಸ್ಟಾಪ್‌ವಾಚ್ ಹಿಡಿದವನು ಬಂದ ದಿನ

ಫೆಬ್ರವರಿ 3

ಮಾವ,

ನನ್ನ ಬೆರಳು ಹತ್ತೂ ನೆಟ್ಟಗಿವೆ. ನಿಮ್ಮ ಮಂಡಿ ಹೇಗಿದೆ? ಫೋನ್ ಮಾಡೋದು ಬಿಟ್ಟು ಇದೇನು ಕಾಗದ ಎಂದು ಅಮ್ಮ ಗೊಣಗಬಹುದು. ಫೋನಿನಲ್ಲಿ ನೀವು ಕೇಳಿಸಿಕೊಳ್ಳುವುದಕ್ಕಿಂತ ಕೂಗುವುದೇ ಹೆಚ್ಚು, ಮೈದಾನದ ಆಚೆ ತುದಿಯಲ್ಲಿ ನಿಂತವರನ್ನು ಕರೆದ ಹಾಗೆ. ಅಲ್ಲದೆ, ನಾನು ಓಡುತ್ತಿದ್ದಾಗ ವಾರಕ್ಕೊಮ್ಮೆ "ಎಷ್ಟು ಓಡಿದೆ, ಎಲ್ಲಿ ನೋವು, ಬರೆದು ಕೊಡು" ಎಂದು ಅಭ್ಯಾಸ ಮಾಡಿಸಿದವರು ನೀವೇ ತಾನೇ? ಆ ಚಾಳಿ ಬಿಟ್ಟಿಲ್ಲ.

ಬೂಟಿನ ಕಾರ್ಖಾನೆ ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಉದ್ದನೆಯ ಹಾಲ್, ಎರಡೂ ಬದಿಗೆ ಹೊಲಿಗೆ ಮಿಷನ್ನುಗಳು, ನಡುವೆ ಬುಟ್ಟಿಗಳನ್ನು ಹೊತ್ತು ತೆವಳುವ ಪಟ್ಟಿ, ಇಷ್ಟೂ ಸೇರಿ ಒಂದು ಲೈನು. ಒಬ್ಬಳು ಅಂಟು ಹಚ್ಚುತ್ತಾಳೆ, ಇನ್ನೊಬ್ಬಳು ಅಂಚು ಮಡಿಸುತ್ತಾಳೆ, ನಾವು ನಾಲ್ಕು ಜನ ಬೂಟಿನ ಹಿಮ್ಮಡಿಯ ಭಾಗ ಹೊಲಿಯುತ್ತೇವೆ. ಚರ್ಮದ ವಾಸನೆ ಕೂದಲಿಗೆ ಹತ್ತಿದರೆ ತೊಳೆದರೂ ಹೋಗುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳುವುದು ಈಗ ಅಭ್ಯಾಸವಾಗಿದೆ.

ನನಗೆ ಕೆಲಸ ಕಲಿಸಿದವರು ಪಕ್ಕದ ಮಿಷನ್ನಿನವರು. ಲೈನಿನವರೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನನ್ನ ಬಾಡಿಗೆ ಕೋಣೆಯೂ ಅವರ ಮನೆಯಲ್ಲೇ, ಅಡುಗೆಮನೆಯ ಮೇಲುಗಡೆ. ಹಿಂದೆ ಮುಂದೆ ಯಾರೂ ಇಲ್ಲದ ಜೀವ. ಇನ್ನೆರಡು ವರ್ಷ ಹೇಗೋ ತಳ್ಳಿಬಿಟ್ಟರೆ ನಿವೃತ್ತಿ ವೇತನ ಬರುತ್ತದೆ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ಹೊಲಿಗೆ ಅಂದರೆ ಅವರದು, ಗೆರೆ ಎಳೆದ ಹಾಗೆ. ಆದರೆ ನಿಧಾನ ಮಾವ, ಎಂಥ ನಿಧಾನ! ಇಡೀ ಲೈನಿನಲ್ಲಿ ಅವರಷ್ಟು ನಿಧಾನ ಯಾರೂ ಇಲ್ಲ. ಆದರೂ ಒಬ್ಬರೂ ಒಂದು ಮಾತು ಅನ್ನುವುದಿಲ್ಲ.

ಬದಲಿಗೆ ನಾನು ಸ್ವಲ್ಪ ಬಿರುಸಾದರೆ ಸಾಕು, ಅಂಟಿನವಳು ತಲೆ ಎತ್ತಿ, "ಎಲ್ಲಿಗಮ್ಮಾ ಓಟ? ಬಸ್ಸು ಸಂಜೆಗೇ ಇರೋದು" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಆಯ್ಕೆಯ ಓಟದಲ್ಲಿ ನಾಲ್ಕನೆಯವಳಾಗಿ ಮನೆಗೆ ಬಂದಾಗ ನೀವು, "ಟ್ರ್ಯಾಕಲ್ಲಿ ಆಗ್ಲಿಲ್ಲ, ದುಡಿಮೇಲಿ ಗೆಲ್ಲು" ಎಂದಿರಿ. ಗೆಲ್ಲುತ್ತೇನೆ. ಇವರ ನಡುವೆ ಅದು ಕಷ್ಟವೇನೂ ಅಲ್ಲ ಅನ್ನಿಸುತ್ತದೆ.

ನಿಮ್ಮ
ಮಿಡತೆ


ಫೆಬ್ರವರಿ 12

ಮಿಡತೆ,

ಕಾಗದ ಮುಟ್ಟಿತು. ಮಂಡಿ ಅದರ ಪಾಡಿಗೆ ಅದು ನೋಯುತ್ತಿದೆ, ನನ್ನ ಪಾಡಿಗೆ ನಾನು ಕೂಗುತ್ತಿದ್ದೇನೆ. ಶಾಲೆಯ ಹುಡುಗರು ನನಗೆ ಸೀಟಿ ಮೇಷ್ಟ್ರು ಎಂದು ಹೆಸರಿಟ್ಟದ್ದು ನನಗೆ ಗೊತ್ತಿಲ್ಲ ಎಂದು ಇನ್ನೂ ನಂಬಿದ್ದಾರೆ, ಪಾಪ.

ನಿನಗೆ ಒಂದೇ ಮಾತು. ನಿಧಾನ ಮಾಡು ಎನ್ನುವವರು ದಣಿದವರು. ಟ್ರ್ಯಾಕಿನಲ್ಲಿ ಹಿಂದೆ ಉಳಿದವಳು ಮುಂದಿನವಳ ಅಂಗಿ ಹಿಡಿದು ಎಳೆಯುತ್ತಾಳೆ, ಕಾರ್ಖಾನೆಯಲ್ಲಿ ನಕ್ಕು ಎಳೆಯುತ್ತಾರೆ, ಅಷ್ಟೇ ವ್ಯತ್ಯಾಸ. ನೀನು ಹಿಂತಿರುಗಿ ನೋಡಬೇಡ. ಬೆವರು ಎಲ್ಲಿ ಸುರಿಸಿದರೂ ಬೆವರೇ. ಇಂದಲ್ಲ ನಾಳೆ ಯಾರೋ ಒಬ್ಬ ತಿಳಿದವನ ಕಣ್ಣಿಗೆ ಬಿದ್ದೇ ಬೀಳುತ್ತೀ. ಗಡಿಯಾರಕ್ಕೆ ಯಾರ ಪರಿಚಯವೂ ಇಲ್ಲ, ಅದು ಯಾರ ಮುಲಾಜಿಗೂ ಬೀಳುವುದಿಲ್ಲ ಎಂದು ನಾನು ಹೇಳುತ್ತಿದ್ದದ್ದು ಮರೆತಿಲ್ಲ ತಾನೇ?

ಆ ದೊಡ್ಡಕ್ಕ ಒಳ್ಳೆಯವರಿರಬಹುದು. ಒಳ್ಳೆಯವರ ಹತ್ತಿರ ಊಟ ಮಾಡು, ವೇಗ ಕಲಿಯಬೇಡ.

ಇಲ್ಲಿ ವಿಶೇಷ ಏನೂ ಇಲ್ಲ. ಹೊಸ ಹುಡುಗಿಯೊಬ್ಬಳು ಓಡಲು ಬರುತ್ತಿದ್ದಾಳೆ. ಅವಳ ಬಗ್ಗೆ ಬರೆಯುವಂಥದ್ದು ಏನಿಲ್ಲ. ನಿನ್ನಮ್ಮ ನಿನ್ನ ಹಳೆಯ ಓಟದ ಬೂಟನ್ನು ಬಿಸಿಲಿಗಿಟ್ಟು ಒಳಗೆ ತಂದಳು, ಯಾಕೆಂದು ಕೇಳಲಿಲ್ಲ.

ನಿನ್ನ ಮಾವ


ಮಾರ್ಚ್ 20

ಮಾವ,

ನೀವು ಹೇಳಿದ ತಿಳಿದವನು ಬಂದ! ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದುಕೊಂಡೇ ಬಂದ!

ಮೊದಲಿಂದ ಹೇಳುತ್ತೇನೆ. ಸೋಮವಾರ ಸಂಜೆ ಊಟಕ್ಕೆ ಕೂತಾಗ ದೊಡ್ಡಕ್ಕ, "ನಾಳೆ ಟೈಮ್ ನೋಡೋನು ಬರ್ತಾನೆ ಕಣಮ್ಮ. ಹೊಸ ಮಾದರಿ ಬೂಟು ಬಂದಿದೆಯಲ್ಲ, ಅದಕ್ಕೆ. ನೀನು ನನ್ನ ಕೈ ನೋಡ್ಕೊಂಡೇ ಹೊಲಿ, ಆಯ್ತಾ?" ಎಂದರು. ನನಗೆ ಕೂಡಲೇ ಅರ್ಥವಾಯಿತು. ನೀವು ಟ್ರ್ಯಾಕಿನಲ್ಲಿ ನನ್ನ ಪಕ್ಕದ ಪಟ್ಟೆಯಲ್ಲಿ ದೊಡ್ಡ ತರಗತಿಯ ಹುಡುಗಿಯನ್ನು ಬಿಟ್ಟು, "ಅವಳ ಭುಜ ನೋಡ್ತಿರು, ಕೊನೇಲಿ ದಾಟು" ಎನ್ನುತ್ತಿದ್ದಿರಲ್ಲ, ಹಾಗೆ ದೊಡ್ಡಕ್ಕ ತಮ್ಮ ಕೈಯನ್ನೇ ನನಗೆ ಗುರಿಯಾಗಿ ಇಟ್ಟರು ಎಂದುಕೊಂಡೆ. ತಾವು ಸೋಲಲು ಒಪ್ಪಿಕೊಂಡು ಇನ್ನೊಬ್ಬಳನ್ನು ಗೆಲ್ಲಿಸುವವರು ಎಷ್ಟು ಜನ ಇರುತ್ತಾರೆ ಹೇಳಿ?

ಮಂಗಳವಾರ ಅವನು ಬಂದ. ಬಿಳಿ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಮೊದಲು ಆ ಕಡೆಯ ಇಬ್ಬರ ಹಿಂದೆ ನಿಂತ, ಆಮೇಲೆ ದೊಡ್ಡಕ್ಕನ ಹಿಂದೆ. ಅವತ್ತು ಎಲ್ಲರ ಕೈಗೂ ಏನೋ ಆಗಿತ್ತು. ಅಂಟಿನವಳ ಕುಂಚ ಎರಡು ಸಲ ಕೆಳಗೆ ಬಿತ್ತು, ಒಬ್ಬಳ ದಾರ ಕಡಿದೇ ಕಡಿಯಿತು. ಹೆದರಿಕೊಂಡಿದ್ದಾರೆ ಅನ್ನಿಸಿತು. ಕೊನೆಗೆ ನನ್ನ ಹಿಂದೆ ಬಂದು ನಿಂತ. ಗುಂಡಿ ಒತ್ತಿದ 'ಟಿಕ್' ಸದ್ದು ಕಿವಿಗೆ ಬಿತ್ತು ನೋಡಿ! ಆ ಸದ್ದು ಕೇಳಿ ಎಷ್ಟು ಕಾಲವಾಗಿತ್ತು! ಮೈಯೆಲ್ಲ ಎದ್ದು ಕೂತ ಹಾಗಾಯಿತು. ಉಸಿರು ಬಿಗಿಹಿಡಿದು ಹೊಲಿದೆ. ಪಕ್ಕಕ್ಕೆ ಒಮ್ಮೆ ನೋಡಿದೆ. ದೊಡ್ಡಕ್ಕ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದರು. ಇನ್ನೂ ಹುರುಪು ಬಂತು.

ಅವನು ಗಡಿಯಾರ ನೋಡಿದ, ನನ್ನ ಮುಖ ನೋಡಿದ, ಬರೆದುಕೊಂಡ. "ಭೇಷ್! ಏನ್ ಕೈಯಮ್ಮ ನಿಂದು!" ಎಂದ. ಹಾಲೆಲ್ಲ ನಿಶ್ಶಬ್ದವಾಗಿಬಿಟ್ಟಿತು. ಆಯ್ಕೆಯ ಓಟದ ದಿನ ನನಗೆ ಸಿಗದೇ ಹೋದದ್ದು ಇದೇ ಮಾವ, ಈ ನಿಶ್ಶಬ್ದ.

ನಿಮ್ಮ
ಮಿಡತೆ


ಮಾರ್ಚ್ 27

ನನ್ನ ಬಂಗಾರದ ಮಿಡತೆ,

ನಿನ್ನ ಕಾಗದವನ್ನು ಶಿಕ್ಷಕರ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಗಣಿತದ ಮೇಷ್ಟ್ರಿಗೆ ಕೇಳಿಸದಿದ್ದರೆ ಎಂದು ಅವರ ಪಕ್ಕ ಹೋಗಿ ಇನ್ನೊಮ್ಮೆ ಓದಿದೆ. ಓಟ ಓಟ ಎಂದು ಹುಡುಗಿಯ ಐದು ವರ್ಷ ಹಾಳುಮಾಡಿದಿರಿ ಎಂದಿದ್ದ ಮನುಷ್ಯ ಅವರು. "ಏನ್ ಸಾರ್, ಹಾಳಾಯ್ತಾ?" ಎಂದು ಕೇಳಿದೆ. ಚಹಾ ಕುಡಿಯುತ್ತ ಕೂತಿದ್ದವರು ಲೋಟ ತೊಳೆಯಲು ಎದ್ದುಹೋದರು.

ಮುಂದೇನಾಗುತ್ತದೆ ಎಂದು ಈಗಲೇ ಹೇಳುತ್ತೇನೆ, ಬರೆದಿಟ್ಟುಕೋ. ಮೊದಲು ಸಂಬಳ ಏರುತ್ತದೆ, ಆಮೇಲೆ ನಿನ್ನನ್ನು ಸೂಪರ್‌ವೈಸರ್ ಮಾಡುತ್ತಾರೆ. ಒಂದು ಸೂಚನೆ: ಮುಂದಿನ ಸಲ ಅವನು ಬಂದಾಗ ಉಸಿರು ಬಿಗಿಹಿಡಿಯಬೇಡ. ಭುಜ ಸಡಿಲ ಬಿಡು, ಇನ್ನೂ ಸ್ವಲ್ಪ ವೇಗ ಸಿಗುತ್ತದೆ.

ನಿನ್ನಮ್ಮನಿಗೂ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಮಿಕ್ಕವರಿಗೆ ಬೇಜಾರಾಗ್ಲಿಲ್ವಂತಾ?" ಇವಳಿಗೆ ಮೊದಲಿಂದಲೂ ಹೀಗೇ, ನೀನು ಓಟದಲ್ಲಿ ಗೆದ್ದು ಬಂದರೂ ಸೋತ ಹುಡುಗಿ ಅತ್ತಳಾ ಎಂದು ವಿಚಾರಿಸುವವಳು.

ನಿನ್ನ ಮಾವ


ಏಪ್ರಿಲ್ 18

ಮಾವ,

ಸಂಬಳ ಏರಿಲ್ಲ. ಏರಿದ್ದು ಟಾರ್ಗೆಟ್.

ಲೈನಿನ ತುದಿಯ ಬೋರ್ಡಿನಲ್ಲಿ ಗಂಟೆಗೆ ಇಷ್ಟು ಜೋಡಿ ಎಂದು ಬರೆದಿದ್ದಾರೆ. ಅದು ನನ್ನ ವೇಗ. ಉಸಿರು ಬಿಗಿಹಿಡಿದು ಹೊಲಿದ ಆ ಒಂದೇ ಒಂದು ಜೋಡಿಯ ವೇಗದಲ್ಲಿ ಎಲ್ಲರೂ ಬೆಳಿಗ್ಗೆಯಿಂದ ಸಂಜೆಯವರೆಗೆ ಹೊಲಿಯಬೇಕು. ನೂರು ಮೀಟರಿನ ಓಟವನ್ನು ದಿನವಿಡೀ ಓಡು ಎಂದ ಹಾಗೆ. ನನ್ನ ಕೈಯಲ್ಲೇ ಆಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಬೆನ್ನು ಕಲ್ಲಾಗಿರುತ್ತದೆ. ಈಗ ಯಾರೂ ಬಚ್ಚಲಿಗೆ ಹೋಗಲೂ ಏಳುವುದಿಲ್ಲ, ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ.

ಊಟದ ಹೊತ್ತಿನಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ. ನಾನು ಹೋಗಿ ಕೂತರೆ ಡಬ್ಬಿ ಮುಚ್ಚಿಕೊಂಡು ಏಳುತ್ತಾರೆ. ಅಂಟಿನವಳು ನಿನ್ನೆ, "ಏನಮ್ಮ ಓಟಗಾತಿ, ಪದಕ ಕೊಟ್ರಾ?" ಎಂದು ಕೇಳಿದಳು. ಈ ಸಲ ಯಾರೂ ನಗಲಿಲ್ಲ.

ದೊಡ್ಡಕ್ಕ ಮಾತ್ರ ನನ್ನ ಪಕ್ಕ ಕೂರುತ್ತಾರೆ. ಅವರು ಟಾರ್ಗೆಟ್ಟಿನ ಅರ್ಧವೂ ಮುಟ್ಟುವುದಿಲ್ಲ. ಮೂರು ತಿಂಗಳು ನೋಡಿ, ಮುಟ್ಟದವರನ್ನು ಮನೆಗೆ ಕಳಿಸುತ್ತಾರೆ ಎಂದು ಸೂಪರ್‌ವೈಸರ್ ಹೇಳಿಹೋದ. ಕಳಿಸಿಬಿಟ್ಟರೆ ನಿವೃತ್ತಿ ವೇತನದ ಮಾತೇ ಇಲ್ಲ.

ನನಗೊಂದು ಯೋಚನೆ ಬಂದಿದೆ. ಮೊದಲ ವರ್ಷ ನಾನೂ ಹಿಂದೆಯೇ ಇದ್ದೆನಲ್ಲ, ನೀವು ಅಭ್ಯಾಸ ಮಾಡಿಸಿ ಮುಂದೆ ತಂದಿರಿ. ದೊಡ್ಡಕ್ಕನಿಗೂ ಮಾಡಿಸಿದರೆ? ಕೈಗೆ ಏನು ಅಭ್ಯಾಸ ಕೊಡಬೇಕು, ಬರೆದು ಕಳಿಸಿ. ಬೇಗ.

ಮಿಡತೆ


ಏಪ್ರಿಲ್ 25

ಮಿಡತೆ,

ನೀನು ನನ್ನ ಶಿಷ್ಯೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು! ಟಾರ್ಗೆಟ್ ಏರಿತು ಎಂದು ಅಳುತ್ತ ಕೂರುವವರು ಬೇರೆ, ಏರಿದ ಟಾರ್ಗೆಟ್ಟನ್ನು ಹತ್ತಲು ಏಣಿ ಹುಡುಕುವವರು ಬೇರೆ. ಪಕ್ಕ ಕೂರದವರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಗೆದ್ದವರ ಪಕ್ಕ ಜಾಗ ಯಾವಾಗಲೂ ಖಾಲಿಯೇ.

ದೊಡ್ಡಕ್ಕನವರಿಗೆ ಹೀಗೆ ಮಾಡಿಸು. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿನಲ್ಲಿ ಕೈ ಅದ್ದಲಿ. ಒಂದು ರಬ್ಬರ್ ಚೆಂಡು ಹಿಸುಕಲಿ, ಎಡಗೈ ಬಲಗೈ ಎರಡೂ. ಸಂಜೆ ಒಂದು ಹಳೆಯ ಮಿಷನ್ ಸಿಕ್ಕರೆ ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ, ಮತ್ತೆ ಜೋರು. ನೀನು ಗಡಿಯಾರ ಹಿಡಿ. ನಿನಗೆ ಮಾಡಿಸಿದ್ದೇ ಕ್ರಮ, ಕಾಲಿನ ಬದಲು ಕೈ. ನೋವು ಬರುತ್ತದೆ, ಬರಲಿ. ನೋವು ಬಂದರೆ ಸ್ನಾಯು ಬೆಳೆಯುತ್ತಿದೆ ಎಂದು ಅರ್ಥ. ವಯಸ್ಸಿನ ನೆಪ ಹೇಳಲು ಬಿಡಬೇಡ. ನನ್ನನ್ನು ನೋಡು, ಈ ಮಂಡಿ ಇಟ್ಟುಕೊಂಡು ಇನ್ನೂ ಮೈದಾನ ಸುತ್ತುತ್ತಿಲ್ಲವೇ?

ನಿನ್ನ ಮಾವ


ಮೇ 16

ಮಾವ,

ದೊಡ್ಡಕ್ಕ ನೀವು ಹೇಳಿದ್ದೆಲ್ಲ ಮಾಡುತ್ತಿದ್ದಾರೆ. ಮೊದಲು, "ಈ ವಯಸ್ಸಲ್ಲಿ ನಂಗೇನ್ ಮಾಡಿಸ್ತಿದೀಯೇ ಹುಡುಗಿ" ಎಂದು ನಕ್ಕರು, ಆಮೇಲೆ ನನ್ನನ್ನು "ಬಾರಮ್ಮ ಕೋಚು" ಎಂದು ತಾವೇ ಕರೆಯಲು ಶುರುಮಾಡಿದರು. ಪಕ್ಕದ ಬೀದಿಯ ದರ್ಜಿಯಿಂದ ಒಂದು ಹಳೆಯ ಮಿಷನ್ ಎರವಲು ತಂದಿದ್ದಾರೆ. ವೇಗ ಸ್ವಲ್ಪ ಏರಿದೆ. ಟಾರ್ಗೆಟ್ ದೂರವಿದೆ.

ಮೊನ್ನೆ ಅವರನ್ನು ಆಫೀಸಿಗೆ ಕರೆದಿದ್ದರು. ಏನೆಂದರು ಎಂದು ಕೇಳಿದೆ. "ಏನಿಲ್ಲ, ಚೆನ್ನಾಗಿದೀರಾ ಅಂದ್ರು" ಎಂದರು.

ಉಳಿದದ್ದು ಇನ್ನೊಮ್ಮೆ.

ಮಿಡತೆ


ಜೂನ್ 20

ಮಿಡತೆ,

ನಿನ್ನ ಕಾಗದ ಇಷ್ಟು ಚಿಕ್ಕದಾಗಿ ಎಂದೂ ಬಂದಿರಲಿಲ್ಲ. ಉತ್ತರ ಬರೆದೆ, ಅದಕ್ಕೆ ಉತ್ತರವೂ ಇಲ್ಲ. ಫೋನ್ ಮಾಡಿದರೆ "ಆಮೇಲೆ ಮಾಡ್ತೀನಿ ಮಾವ" ಎನ್ನುತ್ತೀ, ಆ ಆಮೇಲೆ ಬರುವುದೇ ಇಲ್ಲ.

ದೊಡ್ಡಕ್ಕನವರು ಎಲ್ಲಿಗೆ ಮುಟ್ಟಿದರು? ಚೆಂಡು ಬಿಡಲು ಕೊಡಬೇಡ.

ಮಾವ


ಜುಲೈ 22

ಮಿಡತೆಗೆ,

ಸರಿ ಬಿಡು, ನನಗೆ ಅರ್ಥವಾಯಿತು. ನೀನು ಸೂಪರ್‌ವೈಸರ್ ಆಗಿದ್ದೀ. ನಾನು ಊಹಿಸಿದ್ದೇ. ಹೊಸ ಜವಾಬ್ದಾರಿ, ಪುರುಸೊತ್ತಿಲ್ಲ, ಸೀಟಿ ಊದುವ ಮಾವ ಈಗ ಕಣ್ಣಿಗೆ ಕಾಣುವುದಿಲ್ಲ. ಕೋಪದಿಂದ ಬರೆಯುತ್ತಿಲ್ಲ. ಸ್ವಲ್ಪ ಕೋಪದಿಂದಲೇ ಬರೆಯುತ್ತಿದ್ದೇನೆ. ಆದರೆ ಹೆಮ್ಮೆ ಅದಕ್ಕಿಂತ ದೊಡ್ಡದು. ಗಣಿತದ ಮೇಷ್ಟ್ರಿಗೆ ಆಗಲೇ ಹೇಳಿಯೂ ಆಯಿತು, ಮಿಠಾಯಿಯನ್ನೂ ಹಂಚಿದೆ.

ಒಂದು ಸಾಲು ಬರೆ. ನಿನ್ನಮ್ಮ ದಿನಾ ಬಾಗಿಲಿಗೆ ಬಂದು ನೋಡುತ್ತಾಳೆ, ಅಂಚೆಯವನು ನಮ್ಮ ಮನೆ ದಾಟಿ ಹೋಗುವುದನ್ನು.

ಮಾವ


ಆಗಸ್ಟ್ 9

ಮಾವ,

ಹಂಚಿದ ಮಿಠಾಯಿಯನ್ನು ವಾಪಸು ಕೇಳಲಾಗದು. ನಾನು ಸೂಪರ್‌ವೈಸರ್ ಆಗಿಲ್ಲ. ಅದೇ ಮಿಷನ್ನಿನ ಮುಂದೆ ಕೂತಿದ್ದೇನೆ. ಪಕ್ಕದ ಮಿಷನ್ನಿನಲ್ಲಿ ಈಗ ಬೇರೆ ಒಬ್ಬಳು ಕೂರುತ್ತಾಳೆ.

ಜೂನ್ ಮೊದಲ ವಾರ ಅದು. ದೊಡ್ಡಕ್ಕ ಟಾರ್ಗೆಟ್ ಮುಟ್ಟಬೇಕೆಂದು ಹಟ ಹಿಡಿದು ಹೊಲಿಯುತ್ತಿದ್ದರು. ನಾನು ಪಕ್ಕದಿಂದ, "ಭುಜ ಸಡಿಲ ಬಿಡಿ, ಜೋರು, ಇನ್ನೂ ಜೋರು" ಎನ್ನುತ್ತಿದ್ದೆ. ಹೌದು, ನಾನೇ. ನಿಮ್ಮ ದನಿಯಲ್ಲೇ. ಸೂಜಿ ಅವರ ತೋರುಬೆರಳಿನ ಮೇಲೆ ಇಳಿಯಿತು. ಮೂಳೆಗೆ ತಗಲಿತ್ತು. ಅವರು ಕಿರುಚಲಿಲ್ಲ. "ಚರ್ಮ ಹಾಳಾಯ್ತಲ್ಲಮ್ಮ" ಎಂದರು, ಬೂಟಿನ ಚರ್ಮಕ್ಕೆ ರಕ್ತ ಹತ್ತಿದ್ದಕ್ಕೆ.

ಗಾಯ ಮಾಗಲು ರಜೆ ಕೊಟ್ಟರು. ರಜೆ ಮುಗಿಸಿ ಬಂದ ದಿನವೇ ಟಾರ್ಗೆಟ್ ಮುಟ್ಟದವರ ಜತೆ ಅವರನ್ನೂ ಕಳಿಸಿದರು. ಆ ಬೆರಳು ಈಗ ಮಡಚುವುದಿಲ್ಲ.

ಅವತ್ತು ಮೆಟ್ಟಿಲ ಮೇಲೆ ಅಂಟಿನವಳು ನನ್ನ ತೋಳು ಹಿಡಿದು ನಿಲ್ಲಿಸಿದಳು. "ನಿಂಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?" ಎಂದು ಕೇಳಿದಳು. ಏನು ಎಂದೆ. ಆಗ ಹೇಳಿದಳು. ಟೈಮ್ ನೋಡುವವನು ಬಂದ ದಿನ ಇಡೀ ಲೈನು ಎಲ್ಲರಿಗಿಂತ ನಿಧಾನವಾದವರ ಕೈ ನೋಡಿಕೊಂಡು ಹೊಲಿಯುತ್ತದಂತೆ. ಅವರ ವೇಗವೇ ಎಲ್ಲರ ವೇಗ. ಅದಕ್ಕೇ ಕುಂಚ ಬೀಳುವುದು, ಅದಕ್ಕೇ ದಾರ ಕಡಿಯುವುದು. ಅವನು ಬರೆದುಕೊಂಡು ಹೋದ ಲೆಕ್ಕದಲ್ಲಿ ಯಾರೂ ಹಿಂದೆ ಉಳಿಯಬಾರದು, ಅಷ್ಟೇ. ಎಷ್ಟೋ ವರ್ಷಗಳಿಂದ ಹೀಗೇ ನಡೆದಿತ್ತಂತೆ. ಆ ಅಂಟಿನವಳ ಕೈ ನನ್ನ ಕೈಗಿಂತ ಚುರುಕು ಮಾವ. ಅಷ್ಟು ಚುರುಕಾದ ಕೈಯನ್ನು ಹಿಡಿದಿಟ್ಟುಕೊಳ್ಳಲು ಎಷ್ಟು ಕಷ್ಟಪಡಬೇಕು ಎಂದು ನಾನು ಯೋಚಿಸಿಯೇ ಇರಲಿಲ್ಲ. ಅವರೆಲ್ಲ ಸೋಮಾರಿಗಳು ಎಂದು ನಿಮಗೆ ಬರೆದಿದ್ದೆ ಅಲ್ಲವೇ? ಹಾಗೇ ಬರೆದಿರಲಿಲ್ಲ, ಆದರೆ ನೀವು ಹಾಗೆ ಓದಿಕೊಳ್ಳಲಿ ಎಂದೇ ಬರೆದಿದ್ದೆ.

ಮನೆಗೆ ಬಂದು ದೊಡ್ಡಕ್ಕನ ಮುಂದೆ ಕೂತು, "ನನಗೆ ಯಾಕೆ ಹೇಳಲಿಲ್ಲ?" ಎಂದು ಜಗಳವಾಡಿದೆ. ಅವರು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಹೇಳಿದ್ನಲ್ಲಮ್ಮ, ನನ್ನ ಕೈ ನೋಡ್ಕೊಂಡು ಹೊಲಿ ಅಂತ" ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಆಫೀಸಿಗೆ ಹೋದೆ. ಬಿಳಿ ಅಂಗಿಯವನು ಅಲ್ಲೇ ಇದ್ದ. ಆ ದಿನದ ನನ್ನ ಲೆಕ್ಕ ತೆಗೆದುಬಿಡಿ, ಅದು ದಿನದ ವೇಗವಲ್ಲ, ಒಂದು ಸಲದ ಹುಚ್ಚು ಎಂದು ಬೇಡಿಕೊಂಡೆ. ಅವನು ಒಳ್ಳೆಯ ಮಾತಿನಲ್ಲೇ, "ಒಬ್ಬರಿಗೆ ಆಗುತ್ತೆ ಅಂತ ನೀನೇ ತೋರಿಸಿದೀಯಲ್ಲಮ್ಮ. ಆಗಲ್ಲ ಅಂತ ಈಗ ಹೇಗೆ ಬರೀಲಿ?" ಎಂದ.

ನಿಮಗೆ ಬರೆಯದೆ ಇದ್ದದ್ದು ಪುರುಸೊತ್ತಿಲ್ಲದೆ ಅಲ್ಲ. ನೀವು ಏನು ಉತ್ತರ ಬರೆಯುತ್ತೀರಿ ಎಂದು ಗೊತ್ತಿತ್ತು. ಅದನ್ನು ಓದುವ ಶಕ್ತಿ ಇರಲಿಲ್ಲ.

ಮಿಡತೆ


ಆಗಸ್ಟ್ 20

ಮಗಳೇ,

ನಾನು ಏನು ಬರೆಯುತ್ತೇನೆ ಎಂದು ನೀನು ಅಂದುಕೊಂಡೆಯೋ ಅದನ್ನೇ ಮೊದಲು ಬರೆದೆ. ಎದ್ದು ನಿಲ್ಲು, ಧೈರ್ಯ ಕಳೆದುಕೊಳ್ಳಬೇಡ, ಇತ್ಯಾದಿ. ಓದಿ ನೋಡಿದೆ, ನನಗೇ ಹೇಸಿಗೆಯಾಯಿತು. ಹರಿದು ಹಾಕಿದೆ.

ಆ ರಬ್ಬರ್ ಚೆಂಡು ನನ್ನದು. ಆ "ಇನ್ನೂ ಜೋರು" ನನ್ನದು. ನಾನು ಕಾರ್ಖಾನೆಯೊಳಗೆ ಒಂದು ದಿನವೂ ಕಾಲಿಟ್ಟವನಲ್ಲ, ಆದರೂ ಐವತ್ತು ದಾಟಿದ ಹೆಂಗಸಿನ ಕೈಗೆ ದೂರದಲ್ಲಿ ಕೂತು ಸೀಟಿ ಊದಿದೆ. ನಿನ್ನಮ್ಮ ಮಾರ್ಚಿನಲ್ಲೇ ಕೇಳಿದ್ದಳು, ಮಿಕ್ಕವರಿಗೆ ಬೇಜಾರಾಗಲಿಲ್ಲವಾ ಎಂದು. ನಾನು ಅದನ್ನು ತಮಾಷೆಯಾಗಿ ನಿನಗೆ ಬರೆದು ಕಳಿಸಿದೆ. ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ನಿನಗೆ ಹೇಳದೆ ಇಟ್ಟುಕೊಂಡಿದ್ದು ಒಂದಿದೆ. ಹೊಸ ಹುಡುಗಿಯ ಬಗ್ಗೆ ಬರೆಯುವಂಥದ್ದು ಏನಿಲ್ಲ ಎಂದಿದ್ದೆ. ಅವಳು ಅಭ್ಯಾಸಕ್ಕೆ ತಡವಾಗಿ ಬರುತ್ತಾಳೆ, ಬೂಟಿನ ದಾರ ಕಟ್ಟಿರುವುದಿಲ್ಲ, ಎರಡು ಸುತ್ತು ಓಡಿದರೆ ಮರದ ಕೆಳಗೆ ಕೂರುತ್ತಾಳೆ. ಅವಳ ಕಾಲು ಉದ್ದ, ಅಷ್ಟೇ. ಐದು ವರ್ಷ ಚಳಿಯಲ್ಲಿ ಎದ್ದು ನೀನು ಗಳಿಸಿದ ಶಾಲೆಯ ದಾಖಲೆಯನ್ನು ಅವಳು ಜನವರಿಯಲ್ಲೇ ಮುರಿದಳು, ಅದೂ ಹರಟುತ್ತ. ಬೆವರು ಎಲ್ಲಿ ಸುರಿಸಿದರೂ ಬೆವರೇ ಎಂದು ನಿನಗೆ ಬರೆಯುವಾಗ ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಬರೆಯದಿದ್ದರೆ ನಾನು ಇಷ್ಟು ವರ್ಷ ಮೈದಾನದಲ್ಲಿ ನಿಂತು ಕೂಗಿದ್ದು ಏನು ಎಂಬ ಪ್ರಶ್ನೆ ಬರುತ್ತಿತ್ತು.

ಆದರೂ ಟ್ರ್ಯಾಕಿನ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿ ನೀನು ಸೋತರೆ ಆ ಸೋಲು ನಿನ್ನದೊಬ್ಬಳದೇ. ಗೆದ್ದರೆ ಪಕ್ಕದವಳು ಅಳಬಹುದು, ಮರುದಿನ ಮತ್ತೆ ಓಡಲು ಬರುತ್ತಾಳೆ. ಓಟ ಮುಗಿದ ಮೇಲೆ ನಿನ್ನ ವೇಗದಲ್ಲಿ ಬದುಕು ಎಂದು ಯಾರೂ ಅವಳಿಗೆ ಹೇಳುವುದಿಲ್ಲ. ಇಷ್ಟು ಸಣ್ಣ ವ್ಯತ್ಯಾಸ ನನ್ನ ತಲೆಗೆ ಹೊಳೆಯಲಿಲ್ಲ. ಗಡಿಯಾರ ಎಂದರೆ ಎಲ್ಲ ಕಡೆಯೂ ಒಂದೇ ಎಂದುಕೊಂಡೆ. ಅದನ್ನು ಹಿಡಿದವನು ಯಾರು, ಯಾಕೆ ಹಿಡಿದಿದ್ದಾನೆ ಎಂದು ಕೇಳಬೇಕು ಎಂಬ ಬುದ್ಧಿ ನಿನಗೆ ಹೇಳಿಕೊಡಲಿಲ್ಲ. ನನಗೇ ಇರಲಿಲ್ಲ.

ದೊಡ್ಡಕ್ಕನವರಿಗೆ ಒಂದು ಕಾಗದ ಬರೆಯಲು ಕೂತೆ. 'ಮಾನ್ಯರೇ' ಎಂದು ಬರೆದು ನಿಂತೆ. ಮುಂದೆ ಹೋಗಲಾಗಲಿಲ್ಲ. ನೀನು ಅಲ್ಲೇ ಇದ್ದೀಯಲ್ಲ, ನನ್ನ ಪರವಾಗಿಯೂ ಏನಾದರೂ ಸಮಾಧಾನ ಹೇಳು.

ನಿನ್ನ ಮಾವ


ಸೆಪ್ಟೆಂಬರ್ 14

ಮಾವ,

ದಾಖಲೆ ಹೋದದ್ದಕ್ಕೆ ನನಗೆ ಬೇಸರವಿಲ್ಲ. ನಿಜವಾಗಿ. ಅದು ಹೋಗುವಂಥದ್ದು ಎನ್ನುವುದೇ ಈಗ ನನಗೆ ಸಮಾಧಾನ. ಇಲ್ಲಿ ಬೋರ್ಡಿನ ಮೇಲಿರುವುದು ಹೋಗುವುದಿಲ್ಲ. ಆ ಹುಡುಗಿಗೆ ಬೂಟಿನ ದಾರ ಕಟ್ಟಿಕೊಳ್ಳಲು ಹೇಳಿ, ಬಿದ್ದುಬಿಟ್ಟಾಳು.

ನೀವು ಸಮಾಧಾನ ಹೇಳು ಎಂದಿರಿ. ಹೇಳಿದೆ. ಅದನ್ನೇ ಬರೆಯಬೇಕೆಂದು ಕೂತಿದ್ದೇನೆ.

ಕೆಲಸ ಹೋದ ಮೇಲೂ ದೊಡ್ಡಕ್ಕ ಮುಂಚಿನ ಹೊತ್ತಿಗೇ ಏಳುತ್ತಾರೆ. ನನ್ನ ಡಬ್ಬಿ ಕಟ್ಟುತ್ತಾರೆ, ಬಸ್ಸಿನ ನಿಲ್ದಾಣದವರೆಗೆ ಬರುತ್ತಾರೆ, ಬಸ್ಸು ಹೊರಟ ಮೇಲೆ ಒಬ್ಬರೇ ಹಿಂತಿರುಗುತ್ತಾರೆ. ನಾನು ಕಿಟಕಿಯ ಕಡೆ ಕೂರುವುದನ್ನೇ ಬಿಟ್ಟಿದ್ದೇನೆ. ಸಂಜೆ ಬಂದ ಕೂಡಲೇ ಲೈನಿನವರ ಸುದ್ದಿ ಕೇಳುತ್ತಾರೆ. ಯಾರ ಬೆನ್ನು ನೋವು, ಯಾರ ಮಗುವಿಗೆ ಹಲ್ಲು ಬಂತು, ಎಲ್ಲ ಬೇಕು ಅವರಿಗೆ. ಕೊನೆಗೆ ಒಂದು ಪ್ರಶ್ನೆ: "ಟಾರ್ಗೆಟ್ ಇಳಿಸಿದ್ರಾ?" ನಾನು ಇಲ್ಲ ಎನ್ನುತ್ತಿದ್ದೆ. ಅವರು "ಇಳಿಸ್ತಾರೆ, ಎಷ್ಟು ದಿನ ಅಂತ ನಡಿಯುತ್ತೆ" ಎಂದು ತಟ್ಟೆ ತೊಳೆಯಲು ಏಳುತ್ತಿದ್ದರು. ಒಂದು ಬೆರಳನ್ನು ಹೊರಗಿಟ್ಟುಕೊಂಡು ತೊಳೆಯುತ್ತಾರೆ.

ನಿಮ್ಮ ಕಾಗದ ಬಂದ ದಿನ ಅವರು ಕೇಳಿದಾಗ "ಹೂಂ, ಇಳಿಸಿದ್ರು" ಎಂದುಬಿಟ್ಟೆ. ಲೈನಿನ ಮಿಕ್ಕವರಾದರೂ ಸುಖವಾಗಿದ್ದಾರೆ ಎಂದು ತಿಳಿದು ನಿದ್ದೆ ಮಾಡಲಿ, ಅಷ್ಟೇ ನನ್ನ ಉದ್ದೇಶ. "ನಿಜವಾ? ಮುಂಚಿನಷ್ಟಾ?" ಎಂದರು. ಹೌದು ಎಂದೆ. ಅವರ ಮುಖ ಹೇಗೆ ಅರಳಿತು ಗೊತ್ತಾ? ನಿಮಗೆ ಹೇಳಲು ಬರುವುದಿಲ್ಲ. ಅವರು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದರು, ನಾನು ತಿಂದೆ.

ನಿನ್ನೆ ಭಾನುವಾರ ಮಧ್ಯಾಹ್ನ ಬಟ್ಟೆ ಒಣಹಾಕಿ ಕೆಳಗೆ ಬಂದೆ. ಅಡುಗೆಮನೆಯ ಮೇಜಿನ ಮೇಲೆ ದರ್ಜಿಯ ಹಳೆಯ ಮಿಷನ್. ಚರ್ಮದ ಚೂರುಗಳು. ದೊಡ್ಡಕ್ಕ ಕನ್ನಡಕ ಹಾಕಿಕೊಂಡು ಕೂತಿದ್ದಾರೆ. ಮಡಚದ ಬೆರಳನ್ನು ಬಟ್ಟೆಯಿಂದ ಪಕ್ಕದ ಬೆರಳಿಗೆ ಬಿಗಿದು ಕಟ್ಟಿಕೊಂಡಿದ್ದಾರೆ, ಅಡ್ಡ ಬರದಿರಲಿ ಎಂದು. ಪಕ್ಕದಲ್ಲಿ ಬಿಸಿನೀರಿನ ಬಟ್ಟಲು.

"ಏನಿದು ದೊಡ್ಡಕ್ಕ?" ಎಂದೆ.

"ಟಾರ್ಗೆಟ್ ಮುಂಚಿನಷ್ಟೇ ಆಗಿದೆ ಅಂದ್ಯಲ್ಲ. ಅಷ್ಟು ನಾನು ಮಾಡ್ತಿದ್ನಲ್ವಾ? ಕೈ ಸ್ವಲ್ಪ ಪಳಗಿಸ್ಕೊಂಡು ಹೋಗಿ ಕೇಳಿದ್ರೆ ಮತ್ತೆ ತಗೋಬಹುದು. ಇನ್ನೆರಡು ವರ್ಷದ ಮಾತು ತಾನೇ. ನಿಮ್ಮ ಮಾವ ಹೇಳಿದ ಹಾಗೇ ದಿನಾ ಮಾಡ್ತಿದೀನಿ, ನೀನು ಕೆಲಸಕ್ಕೆ ಹೋದ್ಮೇಲೆ. ನಿಂಗೆ ಆಮೇಲೆ ತೋರಿಸೋಣ ಅಂತಿದ್ದೆ. ಬಾ, ಕೂತ್ಕೋ. ಟೈಮ್ ನೋಡು."

ಇಳಿಸಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆಗಲಿಲ್ಲ ಮಾವ. ಕೂತೆ. ಅವರು ಹೊಲಿಯಲು ಶುರುಮಾಡಿದರು. ಹೊಲಿಗೆ ಎಲ್ಲೆಲ್ಲಿಗೋ ಹೋಗುತ್ತಿತ್ತು, ಗೆರೆ ಎಳೆದ ಹಾಗೆ ಹೊಲಿಯುತ್ತಿದ್ದವರದು. ನಡುವೆ ಎರಡು ಸಲ ನಿಂತು ಕೈ ಒದರಿಕೊಂಡರು, ಹಣೆಯ ಬೆವರು ತೋಳಿನಲ್ಲಿ ಒರೆಸಿಕೊಂಡರು, ಮತ್ತೆ ಹೊಲಿದರು. ಐದು ವರ್ಷ ಮೈದಾನದಲ್ಲಿದ್ದೆ, ಇಷ್ಟು ಕಷ್ಟಪಟ್ಟು ಯಾರೂ ಏನನ್ನೂ ಮಾಡಿದ್ದು ನಾನು ನೋಡಿಲ್ಲ. ಮುಗಿಸಿ ತಲೆ ಎತ್ತಿ, ನಾನು ನಿಮ್ಮನ್ನು ನೋಡುತ್ತಿದ್ದ ಹಾಗೆಯೇ ನನ್ನನ್ನು ನೋಡಿದರು.

"ಎಷ್ಟಾಯ್ತು?"

ಮುಂಚೆ ಅವರಿಗೆ ಬೇಕಾಗುತ್ತಿದ್ದ ಹೊತ್ತಿನ ಎರಡರಷ್ಟು ಆಗಿತ್ತು. ನಾಲ್ಕನೆಯವಳಾಗಿ ಸೋತ ದಿನವೂ ನಾನು ಗಡಿಯಾರ ಹೇಳಿದ್ದನ್ನು ಹಾಗೇ ನಿಮಗೆ ಒಪ್ಪಿಸಿದವಳು. ನಿನ್ನೆ ಗಡಿಯಾರ ನೋಡಿಕೊಂಡೇ, ಮುಂಚಿನಷ್ಟೇ ಆಯ್ತು ಎಂದು ಸುಳ್ಳು ಹೇಳಿದೆ.

ದೊಡ್ಡಕ್ಕ ನಕ್ಕರು. ದಾರ ಪೋಣಿಸುತ್ತ, "ಇನ್ನೊಂದ್ಸಲ ನೋಡೋಣ" ಎಂದರು.

ಮಿಡತೆ